ಅವನು ನಿಮಗೇ ಯಾಕೆ ಹೇಳಿದ?

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹಡಗಲಿಯ ಹತ್ತಿರ ಒಂದು ಕೊಟ್ಟಿಗೆಯಲ್ಲಿ, ಈಯಲಾರದೆ ಬಿದ್ದಿದ್ದ ಎಮ್ಮೆಯ ಹಿಂದೆ ಮೊಣಕಾಲೂರಿ ಕೂತಿದ್ದೆ. ಕರುವನ್ನು ಎಳೆದು, ಕೈ ತೊಳೆದುಕೊಂಡು ಫೋನು ನೋಡಿದರೆ ಅವರ ಮನೆಯ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದಿತ್ತು. ತಿರುಗಿ ಮಾಡಿದಾಗ ಅವರ ಹೆಂಡತಿ ಎತ್ತಿಕೊಂಡರು. ಅಳುತ್ತಿರಲಿಲ್ಲ. "ಚಾ ಕೊಡಾಕ ಹೋದೆ ಡಾಕ್ಟ್ರಮ್ಮ, ಎಬ್ಬಿಸಿದರ ಏಳಲಿಲ್ಲ," ಎಂದರು. ಆಮೇಲೆ, "ನಿಮಗ ಮೊದಲು ಹೇಳಬೇಕು ಅನಿಸ್ತು," ಎಂದರು.

ಅವರ ಹೆಸರು ಬರೆಯುವುದಿಲ್ಲ. ಕೋರ್ಟಿನ ಕಾಗದಗಳಲ್ಲಿ ಅದು ಬೇಕಾದಷ್ಟು ಸಲ ಬಂದಿದೆ. ಅಲ್ಲಿನ ಜವಾನ ಬಾಗಿಲಲ್ಲಿ ನಿಂತು ಆ ಹೆಸರನ್ನು ಕೂಗಿದಾಗಲೆಲ್ಲ ಅವರು ತಾವೇ ಏನೋ ಮಾಡಿದವರಂತೆ ತಲೆ ತಗ್ಗಿಸಿ ಏಳುತ್ತಿದ್ದರು. ಇಲ್ಲಿಯಾದರೂ ಅದು ಬೇಡ.

ನಾನು ಪಶುವೈದ್ಯೆಯಾಗಿ ಮೊದಲು ಕೆಲಸಕ್ಕೆ ಸೇರಿದ್ದು ಕೊಟ್ಟೂರಿನಲ್ಲಿ. ಅವರು ಆ ದವಾಖಾನೆಯಲ್ಲಿ ಆಗಲೇ ಬಹಳ ವರ್ಷಗಳಿಂದ ಪರಿವೀಕ್ಷಕರಾಗಿದ್ದರು. ಲಸಿಕೆ ಹಾಕುವುದು, ಜಂತಿನ ಔಷಧ ಕುಡಿಸುವುದು, ಕುರಿಹಟ್ಟಿಗಳನ್ನು ಸುತ್ತಿ ಬರುವುದು ಅವರ ಕೆಲಸ. ಕೂಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಕುರಿ ಕಟ್ಟಿದವರಿಗೆಲ್ಲ ಅವರು ಗೊತ್ತು. ಎತ್ತರದ ಆಳು, ಸದಾ ಬಾಗಿ ಕೆಲಸ ಮಾಡಿ ಬಾಗಿಯೇ ಉಳಿದ ಬೆನ್ನು. ಹಳೆಯ ಮೊಪೆಡ್ಡಿನ ಹಿಂದೆ ಲಸಿಕೆಯ ಐಸ್ ಡಬ್ಬಿ ಕಟ್ಟಿಕೊಂಡು ಹೊರಟರೆ, ಮೊಪೆಡ್ಡಿನ ಸದ್ದಿಗೇ ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತಿದ್ದವು. ಜನ ಅವರನ್ನು "ಕುರಿ ಡಾಕ್ಟ್ರು" ಎನ್ನುತ್ತಿದ್ದರು. "ಡಾಕ್ಟ್ರು ಈ ಮೇಡಂ, ನಾನಲ್ಲ," ಎಂದು ಅವರು ತಿದ್ದುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನಗೂ ಅದರಿಂದ ಬೇಸರವಾಗುತ್ತಿರಲಿಲ್ಲ.

ಅವರಲ್ಲಿ ನಾನು ಮೊದಲು ಗಮನಿಸಿದ್ದು ಅವರು ಕೇಳುವ ರೀತಿ. ಕುರಿ ತಂದವನು ಮಾತಾಡುತ್ತಿರುವಾಗ ಅವನ ಮುಖ ನೋಡುತ್ತಿರಲಿಲ್ಲ. ಕುರಿಯ ಬೆನ್ನ ಮೇಲೆ ಕೈಯಿಟ್ಟು, ಉಣ್ಣೆಯೊಳಗೆ ಬೆರಳಾಡಿಸುತ್ತ, ನೆಲ ನೋಡುತ್ತ ನಿಲ್ಲುವರು. ನಡುವೆ ಬಾಯಿ ಹಾಕುವವರಲ್ಲ. ಎದುರಿನವನು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುವರು. ಆ ಸುಮ್ಮನಿರುವ ಹೊತ್ತಿನಲ್ಲಿಯೇ ಜನ ಹೇಳಬಾರದು ಎಂದುಕೊಂಡು ಬಂದದ್ದನ್ನು ಹೇಳಿಬಿಡುತ್ತಿದ್ದರು. ಕುರಿಯ ಕಾಲಿನಿಂದ ಶುರುವಾದ ಮಾತು ಅಳಿಯನ ಕುಡಿತಕ್ಕೆ, ನಿಂತುಹೋದ ಮದುವೆಗೆ, ತಂದೆಯ ಕಾಯಿಲೆಗೆ ಬಂದು ಮುಟ್ಟುತ್ತಿತ್ತು.

ಒಮ್ಮೆ ಒಬ್ಬಾಕೆ ಗಟ್ಟಿಮುಟ್ಟಾಗಿದ್ದ ಹೋತನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದಳು. ಬೇವಿನ ಗಿಡದ ಕೆಳಗೆ ಅವರ ಮುಂದೆ ನಿಂತು ಬಹಳ ಹೊತ್ತು ಏನೇನೋ ಹೇಳಿದಳು, ಅತ್ತಳು, ಮೂಗು ಒರೆಸಿಕೊಂಡು ಹೋತನ್ನು ಎಳೆದುಕೊಂಡು ಹೋದಳು. ಹೋತಿಗೆ ಏನಾಗಿತ್ತು ಎಂದು ಕೇಳಿದೆ.

"ಹೋತಿಗೆ ಏನೂ ಆಗಿಲ್ಲ ಮೇಡಂ," ಎಂದರು. "ಆಕಿಗೆ ಉಸಿರು ಕಟ್ಟಿತ್ತು."

ಏನು ಹೇಳಿದಳು ಎಂಬುದನ್ನು ಮಾತ್ರ ಹೇಳಲಿಲ್ಲ. ಯಾವತ್ತೂ ಹೇಳುತ್ತಿರಲಿಲ್ಲ. ಒಂದು ಟಗರಿನ ಸಲುವಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ದಿನ ಬಂದು ಒಬ್ಬರ ಮೇಲೊಬ್ಬರು ದೂರಿದ್ದರು. ಇಬ್ಬರಿಗೂ ಇನ್ನೊಬ್ಬ ಬಂದಿದ್ದನೆಂಬುದೇ ತಿಳಿಯಲಿಲ್ಲ. ಅವರ ಹೆಂಡತಿ ನನ್ನೆದುರಿಗೆ ಒಮ್ಮೆ ರೇಗಿದ್ದರು: "ಊರ ಮಂದಿ ಕತಿಯೆಲ್ಲ ಈ ಮನುಷ್ಯನ ಹೊಟ್ಟ್ಯಾಗ ಐತಿ ಡಾಕ್ಟ್ರಮ್ಮ. ಮನಿಗೆ ಬಂದ್ರ ಉಪ್ಪು ಕಮ್ಮಿ ಆಗೈತಿ ಅಂತ ಅನ್ನಾಕೂ ಬಾಯಿ ಬಿಡಂಗಿಲ್ಲ." ಅವರು ಊಟದ ತಟ್ಟೆ ನೋಡುತ್ತ ನಕ್ಕಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ಬಿಗಿ. ಕುರುಬರ ಹುಡುಗರು ಬಂದು, "ರಾತ್ರಿಯೆಲ್ಲ ಕುರಿ ಸಾಯಂಗ ಮಾಡ್ತ್ರಿ," ಎಂದರೆ ಒಪ್ಪುತ್ತಿರಲಿಲ್ಲ. "ಸಾಯಂಗ ಅನ್ನಬ್ಯಾಡ. ಏನ್ ಮಾಡ್ತು ಅದನ್ನ ಹೇಳು. ಹಲ್ಲು ಕಡೀತೋ, ಕಾಲು ಬಡೀತೋ, ಕುತ್ತಿಗಿ ಹಿಂದಕ್ಕ ಹಾಕ್ತೋ?" ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ತಾವೂ ಹಾಗೆಯೇ ಹೇಳುತ್ತಿದ್ದರು. ಹಟ್ಟಿಯಿಂದ ಬಂದು ನನಗೆ ವರದಿ ಒಪ್ಪಿಸುವಾಗ ಕುರಿಗಾಹಿಯ ಮಾತನ್ನು ಅವನ ಮಾತಿನಲ್ಲೇ ಹೇಳುತ್ತಿದ್ದರು, ತಮ್ಮದೊಂದು ಶಬ್ದ ಸೇರಿಸುತ್ತಿರಲಿಲ್ಲ.

ಮಳೆಗಾಲ ಮುಗಿದು ಕುರಿಹಿಂಡುಗಳು ಮೇವು ಹುಡುಕಿ ಊರು ಬಿಡುವ ಕಾಲವದು. ಒಂದು ಬೆಳಿಗ್ಗೆ ನಾನು ದವಾಖಾನೆಗೆ ಬಂದಾಗ ಹೊರಗಿನ ಕಲ್ಲಿನ ಮೇಲೆ ಅವರೂ ಒಬ್ಬ ಕುರಿಗಾಹಿಯೂ ಪಕ್ಕಪಕ್ಕ ಕೂತಿದ್ದರು. ಇಬ್ಬರ ಕೈಯಲ್ಲೂ ಚಹಾದ ಖಾಲಿ ಗ್ಲಾಸು. ಹತ್ತಿರದಲ್ಲಿ ಕುರಿಯಿರಲಿಲ್ಲ. ಆ ಮನುಷ್ಯ ನನಗೂ ಗೊತ್ತಿದ್ದವನು. ಬೀರಪ್ಪ ಎಂದು ಹೆಸರು, ಕೂಡ್ಲಿಗಿ ಕಡೆಯ ಹಳ್ಳಿಯವನು, ಲಸಿಕೆಗೆ ಹಿಂಡನ್ನು ತಪ್ಪದೆ ತರುತ್ತಿದ್ದವನು. ನನ್ನನ್ನು ಕಂಡು ಇಬ್ಬರೂ ಎದ್ದರು.

"ಮೇಡಂ, ನನಗ ಅರ್ಧ ದಿನ ರಜಾ ಬೇಕು," ಎಂದರು ಅವರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಇವನ್ನ ಕರಕೊಂಡು ಠಾಣಿಗೆ ಹೋಗಿಬರ್ತೀನಿ."

ಯಾಕೆಂದು ನಾನು ಕೇಳುವಷ್ಟರಲ್ಲಿ ಬೀರಪ್ಪ ಗ್ಲಾಸುಗಳೆರಡನ್ನೂ ನಲ್ಲಿಯ ಕೆಳಗೆ ತೊಳೆದು ಕಲ್ಲಿನ ಮೇಲೆ ಬೋರಲಿಟ್ಟ. ಇಬ್ಬರೂ ಮೊಪೆಡ್ಡನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೋದರು.

ಬೀರಪ್ಪನ ಹೆಂಡತಿ ದುರುಗವ್ವ. ಮದುವೆಯಾದಾಗಿನಿಂದ ಅವಳು ಹಿಂಡಿನ ಜೊತೆ ಊರೂರು ತಿರುಗಿದ್ದಳು. ಆ ವರ್ಷ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿಕೊಂಡಿದ್ದಳು. ಇನ್ನು ಹಿಂಡಿನ ಜೊತೆ ಬರುವುದಿಲ್ಲ, ಮನೆಯಲ್ಲೇ ಇರುತ್ತೇನೆ ಎಂದಳು. ಅದರ ಮೇಲೆ ಇಬ್ಬರಿಗೂ ಜಗಳ ನಡೆದೇ ಇತ್ತು. ಹೊಲದ ಕಲ್ಲುಬಾವಿಯ ದಂಡೆಯಲ್ಲಿ ಅದು ಮತ್ತೆ ಎದ್ದಾಗ ಬೀರಪ್ಪ ಅವಳನ್ನು ಬಾವಿಗೆ ನೂಕಿದ. ಊರವರಿಗೆ, ತವರಿಗೆ ಹೋಗಿದ್ದಾಳೆ ಎಂದು ಹೇಳಿದ. ಅವಳ ತವರು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ. ಮಗಳ ಫೋನು ಬಾರದ್ದನ್ನು ಕಂಡು ಕೆಲವು ದಿನಗಳಲ್ಲಿ ತಾಯಿ ಕೆಂಚವ್ವ ತಾನೇ ಬಸ್ಸು ಹತ್ತಿ ಅವನ ಮನೆಗೆ ಬಂದಳು. ಅವಳು ಬಂದ ಮಾರನೆಯ ಬೆಳಿಗ್ಗೆಯೇ ಬೀರಪ್ಪ ನಮ್ಮ ದವಾಖಾನೆಯ ಕಲ್ಲಿನ ಮೇಲೆ ಬಂದು ಕೂತಿದ್ದ.

ಠಾಣೆಯಲ್ಲಿ ಅವನು ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಪೊಲೀಸರು ಪುಟಗಟ್ಟಲೆ ಬರೆದುಕೊಂಡರು. ಅವನೇ ಮುಂದೆ ನಡೆದು ಬಾವಿ ತೋರಿಸಿದ, ಪಂಚರ ಮುಂದೆ ಹೆಣ ತೆಗೆದರು. ಇಷ್ಟಾದ ಮೇಲೆ ಕೇಸು ಮುಗಿದ ಹಾಗೆ ಎಂದು ನಾನು ತಿಳಿದಿದ್ದೆ.

ಹಾಗಿಲ್ಲ ಎಂದು ಹೇಳಿದವರು ಸಬ್ ಇನ್‌ಸ್ಪೆಕ್ಟರ್. ಒಂದು ದಿನ ದವಾಖಾನೆಗೆ ಬಂದು, ನನ್ನೆದುರಿನ ಕುರ್ಚಿಯಲ್ಲಿ ಕೂತು, ಅವರನ್ನೂ ಕರೆಸಿ ವಿವರಿಸಿದರು. ಪೊಲೀಸರ ಮುಂದೆ ಆರೋಪಿ ಏನು ಒಪ್ಪಿಕೊಂಡರೂ ಕೋರ್ಟು ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಬರೆದ ಪುಟಗಳಲ್ಲೆಲ್ಲ ಉಳಿಯುವುದು ಬಾವಿ ತೋರಿಸುತ್ತೇನೆ ಎಂಬ ಮಾತೊಂದೇ, ಯಾಕೆಂದರೆ ಅದರಂತೆ ಹೆಣ ಸಿಕ್ಕಿತು. ಆದರೆ ಹೆಣ ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತು ಎಂದ ಮಾತ್ರಕ್ಕೆ ಅವನೇ ನೂಕಿದ ಎಂದಾಗುವುದಿಲ್ಲ. ನೀರು ಕುಡಿದು ಸತ್ತಿದ್ದಾಳೆ ಎಂದು ಹೆಣ ಕೊಯ್ದ ಡಾಕ್ಟರು ಬರೆದಿದ್ದಾರೆ. ಕಾಲು ಜಾರಿ ಬಿದ್ದಳು, ಹೆದರಿ ಮುಚ್ಚಿಟ್ಟ ಎಂದು ಅವನ ವಕೀಲ ವಾದಿಸುತ್ತಾನೆ.

"ನಿಮ್ಮ ಮುಂದ ಹೇಳಿದ್ದು ಯಾಕ ನಡಿಯಂಗಿಲ್ಲ್ರಿ?" ಎಂದು ಅವರು ಕೇಳಿದರು.

"ನಾವು ಹೊಡೆದು ಹೇಳಿಸಿರಬಹುದು ಅಂತ ಕಾನೂನಿಗೆ ಅನುಮಾನ."

"ಹೊಡೆದ್ರೇನ್ರಿ?"

"ಇವನನ್ನ ಹೊಡೆಯೋ ಪ್ರಸಂಗ ಬರಲಿಲ್ಲ," ಎಂದರು ಸಬ್ ಇನ್‌ಸ್ಪೆಕ್ಟರ್. 'ಇವನನ್ನ' ಎಂದರೆ ಬೇರೆಯವರನ್ನು ಹೊಡೆಯುವುದುಂಟು ಎಂದಾಯಿತು, ಅದನ್ನು ಕೇಳಿ ಅವರು ತಲೆಯೆತ್ತಿ ನೋಡಿದರು, ಮತ್ತೆ ನೆಲ ನೋಡಿದರು.

ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದರೆ ಗಟ್ಟಿ ಸಾಕ್ಷಿಯಾಗುತ್ತಿತ್ತು. ಪೊಲೀಸರು ಬೀರಪ್ಪನನ್ನು ಅಲ್ಲಿಗೂ ಕರೆದೊಯ್ದಿದ್ದರು. ಮ್ಯಾಜಿಸ್ಟ್ರೇಟರು ಮೊದಲು ಪೊಲೀಸರನ್ನು ಹೊರಗೆ ಕಳಿಸಿದರಂತೆ. ನೀನು ಹೇಳಲೇಬೇಕು ಅಂತ ಇಲ್ಲ, ಹೇಳಿದರೆ ಅದು ನಿನ್ನ ವಿರುದ್ಧವೇ ಸಾಕ್ಷಿಯಾಗುತ್ತದೆ, ಹೇಳದಿದ್ದರೂ ನಿನ್ನನ್ನು ಪೊಲೀಸರ ಕೈಗೆ ಕೊಡುವುದಿಲ್ಲ, ಯೋಚಿಸಿಕೊಂಡು ಬಾ ಎಂದು ಜೈಲಿಗೆ ಕಳಿಸಿದರಂತೆ. ಅಷ್ಟರಲ್ಲಿ ಬೀರಪ್ಪನ ಅಣ್ಣ ಜೈಲಿಗೆ ಹೋಗಿ ಕಂಡು ಬಂದಿದ್ದ, ವಕೀಲರನ್ನೂ ಹಿಡಿದಿದ್ದ. ಮತ್ತೆ ಕರೆಸಿದಾಗ ಬೀರಪ್ಪ, "ನಾನು ಏನೂ ಹೇಳಂಗಿಲ್ಲ್ರಿ," ಎಂದ. ಮ್ಯಾಜಿಸ್ಟ್ರೇಟರು ಸರಿ ಎಂದು ಕಳಿಸಿಬಿಟ್ಟರು.

"ಈಗ ಉಳಿದಿರೋದು ನೀವೊಬ್ರೇ," ಎಂದು ಸಬ್ ಇನ್‌ಸ್ಪೆಕ್ಟರ್ ಎದ್ದು ನಿಂತರು. "ಪೊಲೀಸರಲ್ಲದವರ ಮುಂದೆ, ಯಾರ ಒತ್ತಾಯವೂ ಇಲ್ಲದೆ ಹೇಳಿದ್ದು ನಡೆಯುತ್ತೆ. ಕೋರ್ಟು ನಿಮ್ಮನ್ನ ನಂಬಬೇಕು, ಅಷ್ಟೇ."

ಜೀಪು ಹೋದ ಮೇಲೆ ಅವರು ಖಾಲಿಯಾದ ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. ಆಮೇಲೆ, "ಮ್ಯಾಜಿಸ್ಟ್ರೇಟ್ ಸಾಹೇಬ್ರು ಮೊದಲು ಹೇಳಿ ಆಮ್ಯಾಲೆ ಕೇಳ್ಯಾರ ಮೇಡಂ," ಎಂದರು. "ನಾನು ಮೊದಲು ಕೇಳಿ ಆಮ್ಯಾಲೆ ಹೇಳಿದೆ. ಅವ ಎಲ್ಲಾ ಹೇಳಿ ಮುಗಿಸಿದ ಮ್ಯಾಲೆ, ಇದನ್ನ ನಾನು ಇಟ್ಕೊಳ್ಳಾಕ ಆಗಂಗಿಲ್ಲಪ್ಪ ಅಂದೆ. ಗೊತ್ತೈತ್ರಿ ಅಂದ. ಮೊದಲೇ ಅಂದಿದ್ರ ಎದ್ದು ಹೋಗ್ತಿದ್ದನೋ ಏನೋ."

"ಅವನು ಏನು ಹೇಳುತ್ತಾನೆ ಅಂತ ನಿಮಗೆ ಹೇಗೆ ಗೊತ್ತಿರಬೇಕು?" ಎಂದೆ ನಾನು.

"ಕುರಿ ಇಲ್ಲದ ಬಂದಿದ್ದ. ಆಗಲೇ ತಿಳೀಬೇಕಿತ್ತು," ಎಂದರು.

ಬೀರಪ್ಪನ ಅಣ್ಣ ಊರಿನ ಒಂದಿಬ್ಬರು ಹಿರಿಯರನ್ನು ಕರೆದುಕೊಂಡು ಬಂದದ್ದು ಸಾಕ್ಷಿಯ ಸಮನ್ಸು ಬಂದ ಮೇಲೆ. ಜೋರು ಮಾಡಲಿಲ್ಲ. ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಕೂತರು. ನಾನು ಒಳಗೆ ಕಿಟಕಿಯ ಹತ್ತಿರವಿದ್ದೆ.

"ನಿಮ್ಮನ್ನ ನಮ್ಮ ಮನಿ ಮನಸ್ಯಾ ಅಂತ ತಿಳಕೊಂಡೀವಿ," ಎಂದ ಅಣ್ಣ. "ಸುಳ್ಳು ಹೇಳ್ರಿ ಅನ್ನಂಗಿಲ್ಲ. ಅವತ್ತು ಕುಡುದಿದ್ದ, ಏನೇನೋ ಬಡಬಡಿಸಿದ, ತಿಳೀಲಿಲ್ಲ ಅನ್ರಿ. ಸಾಕು."

"ಕುಡುದಿರಲಿಲ್ಲಪ್ಪ."

"ಹೋದಾಕಿ ಹೋದಳು. ಇವನೂ ಹೋದ್ರ ನಮ್ಮವ್ವ ಉಳಿಯಂಗಿಲ್ಲ."

ಅವರೆಂದರು: "ಅವ ಸಮಕ್ಷಮ ಬಂದು, ನಾ ಹೇಳಿದ್ದು ಖರೇ ಅಲ್ಲರಿ ಅಂತ ನನಗ ಅನ್ನಲಿ. ಕೋರ್ಟಿನ್ಯಾಗ ಅದನ್ನೂ ಹೇಳ್ತೀನಿ. ಅವ ಹೇಳಿದ್ದನ್ನ ಬಿಟ್ಟು ಬ್ಯಾರೆ ಹೇಳಾಕ ನನಗ ಬರಂಗಿಲ್ಲ."

ಹಿರಿಯರಲ್ಲೊಬ್ಬ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ, "ಇಷ್ಟು ವರ್ಷ ನಾವು ನಿಮ್ಮ ಮುಂದ ಏನೇನು ಹೇಳೀವಿ," ಎಂದ. ಬೆದರಿಕೆಯ ಮಾತಲ್ಲ ಅದು. ದುಃಖದಿಂದಲೇ ಹೇಳಿದ.

ಸೆಷನ್ಸ್ ಕೋರ್ಟಿನಲ್ಲಿ ನಾನೂ ಒಬ್ಬ ಸಾಕ್ಷಿ. ಅಂದು ಬೆಳಿಗ್ಗೆ ಬೀರಪ್ಪನನ್ನು ದವಾಖಾನೆಯ ಮುಂದೆ ಕಂಡೆ, ಅವನು ಕುಡಿದಿರಲಿಲ್ಲ, ಇಬ್ಬರೂ ಠಾಣೆಯ ಕಡೆಗೆ ನಡೆದು ಹೋದರು ಎಂಬಷ್ಟೇ ನನ್ನ ಪಾಲಿನದು. ಹೇಳಿ ಮುಗಿಸಿ ಹಿಂದಿನ ಬೆಂಚಿನಲ್ಲಿ ಕೂತೆ. ಎರಡು ಬೆಂಚು ಮುಂದೆ ಕೆಂಚವ್ವ ಕೂತಿದ್ದಳು, ಆಕೆಯ ಹೇಳಿಕೆಯೂ ಆಗಿತ್ತು. ಸಣ್ಣ ಮೈಯ, ಬಿಸಿಲಿಗೆ ಕಪ್ಪಾದ ಹೆಂಗಸು. ಚಪ್ಪಲಿಯನ್ನು ಹೊರಗೆ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು.

ಅವರು ಕಟಕಟೆ ಹತ್ತಿದಾಗ ನ್ಯಾಯಾಧೀಶರು, "ಆರೋಪಿ ಆಡಿದ ಮಾತನ್ನು ಅವನ ಮಾತಿನಲ್ಲೇ ಹೇಳಿ, ನೀವು ಅರ್ಥ ಮಾಡಿಕೊಂಡದ್ದು ಬೇಡ," ಎಂದರು. ಅವರಿಗೆ ಬೇರೆ ಥರ ಹೇಳಲು ಬರುತ್ತಲೂ ಇರಲಿಲ್ಲ. ಕಟಕಟೆಯ ಕಟ್ಟಿಗೆಯ ಮೇಲೆ ಕೈಯಿಟ್ಟು, ಕಣ್ಣು ಕೆಳಗೆ ಮಾಡಿ, ಬೀರಪ್ಪನ ಮಾತನ್ನು ಬೀರಪ್ಪನ ಹಾಗೆ ಹೇಳಿದರು:

"ಸಾಯೇಬ್ರ, ದುರುಗವ್ವ ತವರಿಗೆ ಹೋಗಿಲ್ಲ್ರಿ. ಬಾವ್ಯಾಗ ಅದಾಳ. ನಾನೇ ನೂಕಿದೆ. ಹಗ್ಗ ಹೆಗಲ ಮ್ಯಾಲಿತ್ತು. ಬಿಡಲಿಲ್ಲ. ದಂಡಿ ಮ್ಯಾಲೆ ಕುಂತೆ. ಒಳಗ ಕೂಗಾಕತ್ತಿದ್ದಳು. ಕೂಗೂದು ನಿಂತ ಮ್ಯಾಲೆ ಎದ್ದೆ. ನೂಕಿದ್ದು ಸಿಟ್ಟಿನ್ಯಾಗ್ರಿ. ಕುಂತಿದ್ದು ಸಿಟ್ಟಿನ್ಯಾಗ ಅಲ್ಲ. ನಿನ್ನಿ ಅತ್ತಿ ಬಂದಾಳ. ಮಗಳು ಎಲ್ಲಿ ಅಂದಳು. ಗೊತ್ತಿಲ್ಲ ಅಂದೆ. ರೊಟ್ಟಿ ಬಡದು ಹಾಕಿದಳು. ಉಂಡೆ."

ಆರೋಪಿಗಳ ಜಾಗದಲ್ಲಿ ನಿಂತಿದ್ದ ಬೀರಪ್ಪ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ. ಅವನ ವಕೀಲ ತಿರುಗಿ ನೋಡಿ ಕೈಸನ್ನೆ ಮಾಡಿದ ಮೇಲೆ ನಿಲ್ಲಿಸಿದ. 'ಕೂಗಾಕತ್ತಿದ್ದಳು' ಎಂಬಲ್ಲಿ ಕೆಂಚವ್ವ ಎದ್ದು ನಿಂತಿದ್ದಳು. ಆಮೇಲೆ ತಾನಾಗಿಯೇ ಕೂತಳು.

ಬೀರಪ್ಪನ ವಕೀಲ ಪಾಟೀಸವಾಲಿಗೆ ಎದ್ದ.

"ಆರೋಪಿ ನಿಮಗೆ ನೆಂಟನೇ?"

"ಅಲ್ಲರಿ."

"ಒಂದೇ ಊರಿನವರೇ? ಗೆಳೆಯನೇ?"

"ಅಲ್ಲರಿ. ಅವರ ಕುರಿಗೆ ಲಸಿಕಿ ಹಾಕ್ತಿದ್ದೆ."

"ಮನೆಯಲ್ಲಿ ಒಡಹುಟ್ಟಿದ ಅಣ್ಣ ಇದ್ದಾನೆ. ಊರಲ್ಲಿ ಹಿರಿಯರಿದ್ದಾರೆ. ಅವರನ್ನೆಲ್ಲ ಬಿಟ್ಟು ಅವನು ನಿಮಗೇ ಯಾಕೆ ಹೇಳಿದ?"

ಅವರು ಯೋಚಿಸಿದರು. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಆ ತಾಲ್ಲೂಕುಗಳ ಅರ್ಧ ಜನಕ್ಕೂ ಗೊತ್ತಿತ್ತು. ಅವರಿಗೆ ಮಾತ್ರ ಗೊತ್ತಿರಲಿಲ್ಲ.

"ತಿಳೀದ್ರಿ," ಎಂದರು. "ಅವತ್ತು ಬಾಗಿಲು ನಾನೇ ತೆರೆದಿದ್ದೆ."

"ನೀವು ಸರ್ಕಾರಿ ನೌಕರರು. ಅವನನ್ನ ಹೆದರಿಸಿದಿರಿ."

"ಕುರಿಗೆ ಚುಚ್ಚೋ ಸೂಜಿ ಬಿಟ್ರ ನನ್ನ ಕೈಯಾಗ ಏನೂ ಇಲ್ಲ್ರಿ."

"ಹೇಳು, ನಿನ್ನನ್ನ ಉಳಿಸ್ತೀನಿ ಅಂತ ಆಸೆ ತೋರಿಸಿದಿರಿ."

"ಇಲ್ಲರಿ. ಅವ ಹೇಳಿ ಮುಗಿಸೋತನಕ ನಾನು ಬಾಯಿ ತೆರೀಲಿಲ್ಲ. ಚಾ ಕುಡಿ ಅಂದೆ, ಅದೂ ಆಮ್ಯಾಲೆ."

ನ್ಯಾಯಾಧೀಶರು ಅದನ್ನು ಬರೆಸಿಕೊಂಡರು. ತೀರ್ಪು ಬಂದಾಗ ಅದರಲ್ಲಿ ಈ ಮಾತೂ ಇತ್ತು. ಈ ಸಾಕ್ಷಿಗೆ ಆರೋಪಿಯ ಮೇಲೆ ಹಗೆಯಿಲ್ಲ, ಲಾಭವಿಲ್ಲ, ಇವರ ಮಾತು ಎಲ್ಲೂ ಕದಲಲಿಲ್ಲ, ತೋರಿಸಿದ ಬಾವಿಯಲ್ಲಿ ಸಿಕ್ಕ ಹೆಣ ಅದಕ್ಕೆ ಹೊಂದುತ್ತದೆ ಎಂದು ಹೇಳಿ ಬೀರಪ್ಪನಿಗೆ ಜೀವಾವಧಿ ಕೊಟ್ಟರು. ಜಾರಿ ಬಿದ್ದಳೆಂಬ ವಾದವನ್ನಾಗಲಿ, ಸಿಟ್ಟಿನ ಭರದಲ್ಲಿ ಆದದ್ದೆಂಬ ವಾದವನ್ನಾಗಲಿ ಒಪ್ಪಲಿಲ್ಲ. ಹೆಗಲ ಮೇಲಿದ್ದ ಹಗ್ಗ, ದಂಡೆಯ ಮೇಲೆ ಕೂತದ್ದು, ಇವೆರಡು ಅವನನ್ನು ಮುಳುಗಿಸಿದವು. ಅವೆರಡನ್ನೂ ಅವರಲ್ಲದೆ ಬೇರೆ ಯಾರೂ ಕೋರ್ಟಿಗೆ ಹೇಳುವಂತಿರಲಿಲ್ಲ.

ಆಮೇಲೆ ಅವರ ಬದುಕಿನಲ್ಲಿ ಆದದ್ದನ್ನು ಹೇಗೆ ಹೇಳುವುದೆಂದು ತಿಳಿಯದು. ಯಾರೂ ಅವರನ್ನು ಬೈಯಲಿಲ್ಲ. ಕುರಿಗಳು ಬರುತ್ತಲೇ ಇದ್ದವು, ಬೀರಪ್ಪನ ಅಣ್ಣ ಮಾತ್ರ ತನ್ನ ಹಿಂಡನ್ನು ಕೂಡ್ಲಿಗಿಗೆ ಹೊಡೆದುಕೊಂಡು ಹೋಗುತ್ತಿದ್ದ. ಆದರೆ ಮಾತು ನಿಂತಿತು. ಲಸಿಕೆಗೆ ಹಟ್ಟಿಗೆ ಹೋದರೆ ಅಲ್ಲಿ ಕೂತು ಹರಟುತ್ತಿದ್ದವರು ಸುಮ್ಮನಾಗುತ್ತಿದ್ದರು. ಒಮ್ಮೆ ಒಬ್ಬ ತರುಣ, "ಇವರ ಮುಂದ ಕೆಮ್ಮಬ್ಯಾಡ್ರಿ, ಕೋರ್ಟಿಗೆ ಹೋಗ್ತೈತಿ," ಎಂದು ನಕ್ಕ. ಅವರಿಗೆ ಕೇಳಿಸಿತು. ಹಿಡಿದಿದ್ದ ಕುರಿಗೆ ಸೂಜಿ ಚುಚ್ಚಿ, ಇನ್ನೊಂದಕ್ಕೆ ಕೈ ಚಾಚಿದರು.

ಜನರಷ್ಟೇ ದೂರವಾದರು ಎಂದರೆ ತಪ್ಪಾಗುತ್ತದೆ. ಅವರೂ ಒಂದು ಹೊಸ ಅಭ್ಯಾಸ ಹಚ್ಚಿಕೊಂಡಿದ್ದರು. ಯಾರಾದರೂ ಹಳೆಯ ಸಲಿಗೆಯಿಂದ ದನಿ ತಗ್ಗಿಸಿ, "ಒಂದ್ ಮಾತು ಹೇಳ್ಬೇಕ್ರಿ," ಎಂದು ಹತ್ತಿರ ಬಂದರೆ ಕೈ ಮುಂದೆ ಮಾಡಿ ತಡೆಯುತ್ತಿದ್ದರು. "ನೋಡಪ್ಪ, ಮೊದಲೇ ಹೇಳಿರ್ತೀನಿ. ನೀ ಹೇಳಿದ್ದನ್ನ ನಾಳೆ ಯಾರಾರ ಕೇಳಿದ್ರ ನಾನು ಹೇಳಬೇಕಾಗ್ತೈತಿ." ಬಂದವನು ತಬ್ಬಿಬ್ಬಾಗಿ ನಗುತ್ತಿದ್ದ, ಕುರಿಯ ವಿಚಾರ ಮಾತಾಡಿ ಹೋಗುತ್ತಿದ್ದ. ಸೊಸೆಯ ಮೇಲೆ ದೂರು ಹೇಳಲು ಬಂದವರಿಗೂ ಇಂಥ ಎಚ್ಚರಿಕೆ ಯಾಕೆ ಎಂದು ನಾನು ಒಮ್ಮೆ ಕೇಳಿದೆ. "ಯಾವ ಮಾತು ಎಲ್ಲಿಗೆ ಹೋಗಿ ನಿಲ್ತೈತಿ ಅಂತ ಶುರುವಿನ್ಯಾಗ ತಿಳಿಯಂಗಿಲ್ಲ ಮೇಡಂ," ಎಂದರು.

ನಿವೃತ್ತಿಗೆ ಮೊದಲು ಒಂದು ದಿನ ರಜೆ ಹಾಕಿ ಬಳ್ಳಾರಿಯ ಜೈಲಿಗೆ ಹೋಗಿದ್ದರು. ಬಂದ ಎರಡು ದಿನಕ್ಕೆ ಔಷಧದ ಬಾಟಲಿಗಳನ್ನು ಕಪಾಟಿನಲ್ಲಿ ಜೋಡಿಸುತ್ತ, ನನ್ನ ಕಡೆ ನೋಡದೆ ಹೇಳಿದರು.

"ಬಂದ, ಜಾಳಿಗಿ ಆ ಕಡಿ ನಿಂತ. ಸೊರಗಿಲ್ಲ. ನಾನು ಏನೂ ಮಾತಾಡಲಿಲ್ಲ. ನೀವು ಹೇಳಿದ್ದು ಸರಿ ಐತ್ರಿ ಅಂದ. ಆದ್ರ ಮತ್ತ ಬರಬ್ಯಾಡ್ರಿ ಅಂದ."

ಅವರು ಮತ್ತೆ ಹೋಗಲಿಲ್ಲ.

ನಿವೃತ್ತಿಯಾದ ಮೇಲೆ ಹರಪನಹಳ್ಳಿಯಲ್ಲಿ ಮನೆ ಮಾಡಿದರು. ನನಗೆ ಹಡಗಲಿಗೆ ವರ್ಗವಾಯಿತು. ವರ್ಷಕ್ಕೊಂದೆರಡು ಸಲ ಹೋಗಿ ನೋಡಿ ಬರುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಹೋದಾಗ ಅವರಿಗೆ ಉಬ್ಬಸ ಹೆಚ್ಚಾಗಿತ್ತು. ಗೋಡೆಗೆ ದಿಂಬು ಆನಿಸಿ ಕೂತಿದ್ದರು. ಹೆಂಡತಿ ಅಡುಗೆಮನೆಯಲ್ಲಿದ್ದರು. ಅದೂ ಇದೂ ಮಾತಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ, "ಏನಂತ ಕೂಗಿದಳು ಅಂತ ಯಾರೂ ಕೇಳಲಿಲ್ಲ ಮೇಡಂ," ಎಂದರು.

ನನಗೆ ಕೂಡಲೇ ಅರ್ಥವಾಗಲಿಲ್ಲ.

"ಕೋರ್ಟಿನ್ಯಾಗ. ಕೂಗಾಕತ್ತಿದ್ದಳು ಅಂದೆ. ಸರ್ಕಾರದ ವಕೀಲರು ಕೇಳಲಿಲ್ಲ, ಅವರ ವಕೀಲರೂ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ. ಬೀರಪ್ಪ ಅದನ್ನೂ ಹೇಳಿದ್ದ." ಅವರು ಉಸಿರಿಗಾಗಿ ನಿಂತರು. "ಯವ್ವಾ ಅಂತ ಕೂಗಿದಳಂತ. ಗಂಡನ ಹೆಸರಲ್ಲ, ದೇವರ ಹೆಸರಲ್ಲ. ಅದೊಂದನ್ನ ನಾನಾಗೇ ಹೇಳಲಿಲ್ಲ. ಆಕಿ ತಾಯಿ ಎದುರಿಗೇ ಕುಂತಿದ್ದಳಲ್ಲ."

ನಾನು ಸುಮ್ಮನೆ ಕೂತೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಅವರಿಂದಲೇ ಕಲಿತಿದ್ದೆ.

"ಆಕಿ ಎಂದಾರ ಕೇಳಿದ್ರ ಹೇಳ್ರಿ," ಎಂದರು. "ಕೇಳದ ಹೇಳಬ್ಯಾಡ್ರಿ."

ಅವರನ್ನು ಮಣ್ಣು ಮಾಡುವ ಹೊತ್ತಿಗೆ ನಾನು ಹರಪನಹಳ್ಳಿ ಮುಟ್ಟಿದೆ. ಬಂದಿದ್ದವರು ಹೆಚ್ಚಿಲ್ಲ. ನೆಂಟರು, ಬೀದಿಯವರು, ಇಲಾಖೆಯ ಹಳೆಯ ನಾಲ್ಕಾರು ಮಂದಿ. ಕುರುಬರು ಒಬ್ಬರೂ ಇರಲಿಲ್ಲ. ಅವರ ಹೆಂಡತಿ ಅದನ್ನು ಗಮನಿಸಿದ್ದರು. "ಮೊದಲಾಗಿದ್ರ ಓಣಿ ತುಂಬ ಕಂಬಳಿ ಇರ್ತಿದ್ವು," ಎಂದರು. ಆಕೆಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತಿದ್ದು, ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಬಸ್‌ಸ್ಟ್ಯಾಂಡಿಗೆ ಬಂದೆ.

ಹಡಗಲಿಯ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಮುದುಕಿ ಬಂದು ನನ್ನ ಪಕ್ಕದಲ್ಲಿ ಕೂತಳು. ಚಪ್ಪಲಿ ಬಿಚ್ಚಿ ಕಲ್ಲುಬೆಂಚಿನ ಕೆಳಗೆ ಇಟ್ಟಳು. ಆಗ ಗುರುತು ಹತ್ತಿತು. ಕೆಂಚವ್ವ. ಮೊದಲಿಗಿಂತಲೂ ಸಣ್ಣಗಾಗಿದ್ದಳು.

"ಡಾಕ್ಟ್ರಮ್ಮಾರಲ್ಲ?" ಎಂದಳು. "ಕೋರ್ಟಿನ್ಯಾಗ ನೋಡಿದ್ದೆ. ಅವರ ಮನಿ ಮಟ ಬಂದಿದ್ದೆ. ಒಳಗ ಬರಲಿಲ್ಲ."

"ಬರಬಹುದಿತ್ತು."

"ಮದಲೂ ಬಂದೀನಿ. ಬಾಗಿಲ ಮಟ ಬಂದು ತಿರುಗಿ ಹೋಗೀನಿ. ಒಂದ್ ಮಾತು ಕೇಳೋದಿತ್ತು ಅವರನ್ನ. ಬಾಯಿ ಬರಲಿಲ್ಲ. ಈಗ ಅವರೂ ಹೋಗಿಬಿಟ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಆಕೆ ನನ್ನ ಮುಖ ನೋಡಿದಳು. "ನೀವು ಅವರ ಸಂಗಾಟ ಇದ್ದವರು. ನಿಮ್ಮ ಮುಂದ ಏನಾರ ಹೇಳಿದ್ರೇನು? ನನ್ನ ಮಗಳು ಕೂಗಿದಳು ಅಂದ್ರಲ್ಲ. ಏನಂತ ಕೂಗಿದಳು?"

ಕೇಳಿದರೆ ಹೇಳಿ ಎಂದು ಅವರು ಹೇಳಿದ್ದು ಸುಲಭವಾಗಿತ್ತು. ಆಕೆಯ ಎದುರಿಗೆ ಕೂತು ಬಾಯಿ ತೆರೆಯುವುದು ಬೇರೆ. ಗೊತ್ತಿಲ್ಲ ಎನ್ನಬಹುದಿತ್ತು, ಆಕೆ ನಂಬುತ್ತಿದ್ದಳು. ಆಕೆಯ ಬರಿಯ ಪಾದಗಳನ್ನು ನೋಡುತ್ತ ಹೇಳಿದೆ.

"ನಿಮ್ಮನ್ನ ಕರೆದಳಂತಮ್ಮ. ಯವ್ವಾ ಅಂದಳಂತೆ."

ಕೆಂಚವ್ವ ಅಳಲಿಲ್ಲ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ತನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ತಲೆ ಓರೆ ಮಾಡಿ ಕೂತಿದ್ದಳು. ಆಮೇಲೆ ಕೇಳಿದಳು:

"ಎಷ್ಟ್ ಸಲಿ ಕರೆದಳಂತ?"

"ಅದು ನನಗೆ ಗೊತ್ತಿಲ್ಲಮ್ಮ. ಅವರು ಅಷ್ಟೇ ಹೇಳಿದ್ದು."

ಆಕೆ ತಲೆಯಾಡಿಸಿದಳು. ತೆಲಿಗಿಯ ಕಡೆ ಹೋಗುವ ಬಸ್ಸು ಬಂದು ನಿಂತಿತು, ಕಂಡಕ್ಟರ್ ಊರುಗಳ ಹೆಸರು ಕೂಗಿದ. ಆಕೆ ಏಳಲಿಲ್ಲ. ಬಸ್ಸು ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ನನ್ನ ಬಸ್ಸೂ ಬಂತು. ನಾನೂ ಏಳಲಿಲ್ಲ.